ಕಾರ್ಯದರ್ಶಿ ಮನೆಯ ಹಾಲು

ನಮ್ಮ ಡೈರಿಯಲ್ಲಿ ಒಂದು ಪದ್ಧತಿ ಇದೆ. ಊರಿನವರ ಹಾಲೆಲ್ಲ ಅಳೆದು, ಫ್ಯಾಟ್ ನೋಡಿ, ಪುಸ್ತಕಕ್ಕೆ ಬರೆದಾದ ಮೇಲೆ ಕೊನೆಗೆ ಕಾರ್ಯದರ್ಶಿ ಮನೆಯ ಹಾಲು ಕ್ಯಾನಿಗೆ ಬೀಳುತ್ತದೆ. ಅದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ನಿನ್ನೆ ಬರೆದ ಅಂಕಿಯನ್ನೇ ಇವತ್ತೂ ಬರೆದು ಪುಸ್ತಕ ಮುಚ್ಚುತ್ತೇವೆ. ನನಗಿಂತ ಮುಂಚೆ ಇದ್ದವರೂ ಹಾಗೇ ಮಾಡುತ್ತಿದ್ದರು, ನಾನೂ ಹನ್ನೊಂದು ವರ್ಷ ಹಾಗೇ ಮಾಡಿದೆ. ಅದರಲ್ಲಿ ಮೋಸವೇನೂ ಇರಲಿಲ್ಲ. ನಮ್ಮ ಹಸುವಿನ ಹಾಲಿಗೆ ಒಂದು ತೊಟ್ಟು ನೀರು ಬೆರೆಸಿದವಳಲ್ಲ ನಾನು. ಅಳೆಯುವವಳನ್ನು ಅಳೆಯುವುದು ಮರ್ಯಾದೆಯಲ್ಲ ಎಂದು ಊರು ತಿಳಿದಿತ್ತು, ನಾನೂ ತಿಳಿದಿದ್ದೆ, ಅಷ್ಟೆ.

ನನ್ನ ಹೆಸರು ರಂಜಿತ. ಅಕ್ಕಿಹೆಬ್ಬಾಳಿನಿಂದ ಎರಡು ಮೈಲಿ ದೂರದ ನಮ್ಮೂರಿನ ಮಹಿಳಾ ಹಾಲು ಸಂಘಕ್ಕೆ ನಾನು ಕಾರ್ಯದರ್ಶಿ. ನನ್ನ ಬಾಯಿ ಜೋರು ಎಂದು ಹೆಸರಿದೆ, ಸುಳ್ಳಲ್ಲ. ಎರಡು ವರ್ಷದ ಹಿಂದೆ ಮಾಯಮ್ಮ ಎಂಬುವಳ ಹಾಲಿನಲ್ಲಿ ನೀರು ಕಂಡಾಗ ಮೂವತ್ತು ಜನರ ಎದುರಿಗೆ ಆ ಹಾಲನ್ನು ಮೋರಿಗೆ ಸುರಿದಿದ್ದೆ. ಅವಳ ಮನೆಯಲ್ಲಿ ಆಗ ಕಷ್ಟವಿತ್ತು, ನನಗೂ ಗೊತ್ತಿತ್ತು. ಆದರೂ ಸುರಿದೆ. ಅವಳು ಬರಿ ಕ್ಯಾನು ಎತ್ತಿಕೊಂಡು ಹೋದಳು. ಆ ದಿನ ಮಧ್ಯಾಹ್ನ ನಾನು ಹೊಟ್ಟೆ ತುಂಬ ಉಂಡೆ, ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡು.

ನನ್ನ ತವರು ಸಂತೆಬಾಚಹಳ್ಳಿ. ಇಪ್ಪತ್ತು ತುಂಬುವ ಮುಂಚೆಯೇ ದಿಲೀಪನ ಕೈಹಿಡಿದು ಈ ಊರಿಗೆ ಬಂದೆ. ಬಂದ ನಾಲ್ಕನೇ ವರ್ಷಕ್ಕೆ ಅತ್ತೆ ಚಿಕ್ಕಬೋರಮ್ಮನ ಹೊಟ್ಟೆ ಉಬ್ಬಿತು. ಕೈಕಾಲು ಕಡ್ಡಿಯಾಗಿ, ಹೊಟ್ಟೆ ಮಾತ್ರ ತುಂಬಿದ ಗಡಿಗೆಯಾಗಿ, ಕಣ್ಣು ಹಳದಿಯಾಗಿ, ಎರಡೇ ತಿಂಗಳಲ್ಲಿ ಹೋದರು. ಆಮೇಲೆ ಭಾವ ದೇವರಾಜು. ಅವರು ಹೆಂಡ ಮುಟ್ಟಿದವರಲ್ಲ. ನಲವತ್ತಾರು ವಯಸ್ಸು. ಗೌರಿ ಹಬ್ಬಕ್ಕೆ ಪಕ್ಕೆನೋವು ಎಂದರು, ದೀಪಾವಳಿ ನೋಡಲಿಲ್ಲ. ಊರಿನವರು ಮನೆದೋಷ ಎಂದರು. ನಾವು ಶಾಂತಿ ಮಾಡಿಸಿದೆವು. ಬಾಗಿಲು ಕಿತ್ತು ಉತ್ತರಕ್ಕೆ ಇಟ್ಟೆವು. ಆಸ್ಪತ್ರೆಯ ಡಾಕ್ಟರು ಮಾತ್ರ ಒಂದು ಮಾತು ಹೇಳಿದ್ದರು: ಇದು ಲಿವರ್ ಕ್ಯಾನ್ಸರ್, ಲಿವರ್ ಮೂಕ ಪ್ರಾಣಿ ಇದ್ದ ಹಾಗೆ, ಅದು ಕೂಗಿಕೊಳ್ಳುವ ಹೊತ್ತಿಗೆ ನಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಆ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತು. ಅಂದಿನಿಂದ ನಾನು ದಿಲೀಪನ ತಟ್ಟೆ ನೋಡುವುದಕ್ಕೆ ಶುರು ಮಾಡಿದೆ. ಮುದ್ದೆ ಅರ್ಧ ಬಿಟ್ಟರೆ ಉಳಿದದ್ದನ್ನು ಕೈಯಲ್ಲಿ ತೂಗಿ ನೋಡುತ್ತಿದ್ದೆ. ಬೆಳಿಗ್ಗೆ ಅವನು ಮುಖ ತೊಳೆಯುವಾಗ ಕಣ್ಣಿನ ಬಿಳಿ ನೋಡುತ್ತಿದ್ದೆ. ಬೆಲ್ಟಿನ ಯಾವ ತೂತಿಗೆ ಕೊಂಡಿ ಬೀಳುತ್ತಿದೆ ಎಂದು ಲೆಕ್ಕ ಇಟ್ಟಿದ್ದೆ. ಅವನಿಗೆ ಇದು ಗೊತ್ತಾಗಿ ಒಂದು ದಿನ ರೇಗಿದ, ನಾನಿನ್ನೂ ಬದುಕಿದ್ದೇನೆ, ಹೆಣ ನೋಡುವ ಹಾಗೆ ನೋಡಬೇಡ ಎಂದು.

ಹೋದ ವರ್ಷ ಜೂನ್ ತಿಂಗಳಲ್ಲಿ ಸ್ನೇಹ ಬಂದಳು. ಮೈಸೂರಿನ ಒಂದು ಆಸ್ಪತ್ರೆಯ ನರ್ಸು, ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಹೆಗಲಿಗೊಂದು ಚೀಲ. ಆ ಚೀಲದಲ್ಲಿ ಅಂಗೈ ಅಗಲದ ಒಂದು ಬಿಳಿ ಮಿಷನ್ನು. ಅದಕ್ಕೆ ಬಯೋಸೆನ್ಸರ್ ಎನ್ನುತ್ತಾರೆ ಎಂದು ಹೇಳಿಕೊಟ್ಟಳು. ಕಾಗದದ ಹಾಗಿರುವ ಸಣ್ಣ ಸ್ಟ್ರಿಪ್ಪನ್ನು ಅದರ ಬಾಯಿಗೆ ಸಿಕ್ಕಿಸಿ, ಬೆರಳ ತುದಿಯ ಒಂದು ಹನಿ ರಕ್ತ ಬಿಟ್ಟರೆ ಹತ್ತು ನಿಮಿಷಕ್ಕೆ ಒಂದು ಅಂಕಿ ಬರುತ್ತದೆ. ಲಿವರಿನಲ್ಲಿ ಗಂಟು ಹುಟ್ಟುವಾಗ ರಕ್ತಕ್ಕೆ ಒಂದು ಬಗೆಯ ಅಂಶ ಸೇರುತ್ತದಂತೆ, ಸ್ಟ್ರಿಪ್ಪು ಹಿಡಿಯುವುದು ಅದನ್ನು. ಅಂಕಿಯ ಜೊತೆಗೆ ದೀಪ: ಹಸಿರು ಇದ್ದರೆ ಸರಿ, ಹಳದಿ ಬಂದರೆ ಸ್ಕ್ಯಾನಿಂಗಿಗೆ ಹೋಗಬೇಕು, ಕೆಂಪಾದರೆ ಅವತ್ತೇ ಹೊರಡಬೇಕು. ಅಂಕಿ ಅದರ ಪಾಡಿಗೆ ಆಸ್ಪತ್ರೆಗೂ ಹೋಗುತ್ತದೆ, ಯಾರೂ ಅಳಿಸುವ ಹಾಗಿಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ತಾಲ್ಲೂಕಿಗೊಂದು ಡೈರಿ ಆರಿಸಿಕೊಂಡಿದ್ದರು. ಆಸ್ಪತ್ರೆಗೆ ಬಾ ಎಂದರೆ ಯಾರು ಬರುತ್ತಾರೆ? ಡೈರಿಗಾದರೆ ದಿನಕ್ಕೆ ಎರಡು ಸಲ ಬಂದೇ ಬರುತ್ತಾರೆ. ನಮ್ಮ ತಾಲ್ಲೂಕಿನಲ್ಲಿ ನಮ್ಮ ಡೈರಿ. ಮೊದಲು ಡೈರಿಗೆ ಬಂದವರಿಗೆಲ್ಲ ಹೆಪಟೈಟಿಸ್ ಬಿ ವೈರಸ್ಸಿನ ಪರೀಕ್ಷೆ ಮಾಡಿದರು, ಏಕೆಂದರೆ ಈ ಕ್ಯಾನ್ಸರಿಗೆ ಆ ವೈರಸ್ಸು ಬೇರಿದ್ದ ಹಾಗೆ. ಅದು ಇರುವವರ ಪಟ್ಟಿ ಮಾಡಿ, ಅವರಿಗೆ ಮಾತ್ರ ಮೂರು ತಿಂಗಳಿಗೊಮ್ಮೆ ಮಿಷನ್ನಿನಲ್ಲಿ ನೋಡುವುದು. ಅವತ್ತು ಹೆಸರು ಕೂಗಿದವಳು, ಬರೆದವಳು, ಸಾಲು ಮುರಿದವರನ್ನು ಬೈದವಳು ನಾನು. ಹಾಸ್ಟೆಲಿನಿಂದ ರಜಕ್ಕೆ ಬಂದಿದ್ದ ಮಗಳು ಮಾನಸ ನನ್ನ ಪಕ್ಕದಲ್ಲಿ ಕೂತು ಚೀಟಿ ಹರಿದು ಕೊಡುತ್ತಿದ್ದಳು. ಪಾಂಡವಪುರದಲ್ಲಿ ಡಿಗ್ರಿ ಓದುವ ಹುಡುಗಿ, ಅಕ್ಷರ ಮುತ್ತಿನ ಹಾಗೆ.

ಸಂಜೆ ಎಲ್ಲ ಮುಗಿದ ಮೇಲೆ ಸ್ನೇಹ ನಮ್ಮಿಬ್ಬರ ಕಡೆ ನೋಡಿ, ಅಕ್ಕ ನಿಮ್ಮದು, ಮಾನಸಂದು ಆಗಲಿಲ್ಲವಲ್ಲ ಎಂದಳು.

“ಕಾರ್ಯದರ್ಶಿ ಮನೆ ಆಲು ಕೊನೇಗೆ ಕಣವ್ವ, ಅದ ಅಳ್ಯಾಕಿಲ್ಲ” ಎಂದೆ ನಗುತ್ತಾ. ಅವಳೂ ನಕ್ಕಳು. ವೈರಸ್ಸಿನ ಪರೀಕ್ಷೆ ಮಾಡುವ ಕಾರ್ಡುಗಳೂ ಮುಗಿದಿದ್ದವು. ಇನ್ನೊಂದು ದಿನ ಮಾಡೋಣ ಎಂದಳು, ನಾನು ತಲೆಯಾಡಿಸಿದೆ.

ಪಟ್ಟಿಯಲ್ಲಿ ಹನ್ನೊಂದು ಹೆಸರು ಬಂದವು. ಅದರಲ್ಲಿ ಒಂದು ದಿಲೀಪ್. ಇನ್ನೊಂದು ಚೌಡಯ್ಯ, ನನಗೆ ಮಾವನ ವರಸೆ, ಅರವತ್ತೆರಡರ ಗಟ್ಟಿ ಮುದುಕ, ಡೈರಿ ಶುರುವಾದಾಗಿನಿಂದ ಒಂದು ಹೊತ್ತೂ ಹಾಲು ತಪ್ಪಿಸಿದವನಲ್ಲ. ಪಟ್ಟಿಯಲ್ಲಿ ಇರುವವರ ಹೆಂಡಿರು ಮಕ್ಕಳನ್ನೂ ಒಂದು ಸಲ ಪರೀಕ್ಷೆಗೆ ಕಳಿಸಬೇಕು ಎಂದು ಸ್ನೇಹ ನನಗೇ ಜವಾಬ್ದಾರಿ ಕೊಟ್ಟಿದ್ದಳು. ಹತ್ತು ಮನೆಯವರನ್ನು ಬೆನ್ನು ಹತ್ತಿ ಬಸ್ಸು ಹತ್ತಿಸಿ ಕಳಿಸಿದೆ. ಹನ್ನೊಂದನೆಯದು ನಮ್ಮ ಮನೆ. ಸುಗ್ಗಿ ಮುಗಿಯಲಿ, ಮಾನಸನ ಪರೀಕ್ಷೆ ಮುಗಿಯಲಿ ಎನ್ನುತ್ತಾ ಹೋದೆ.

ಮೊದಲ ಸಲ ದಿಲೀಪ ತಾನೇ ಬೆರಳು ಕೊಟ್ಟ. ಅಂಕಿ ನಾಲ್ಕು, ಹಸಿರು ದೀಪ. ಆ ರಾತ್ರಿ ಎಷ್ಟೋ ವರ್ಷದ ಮೇಲೆ ನಾನು ಒಂದೇ ನಿದ್ದೆ ಮಾಡಿದೆ. ಸ್ನೇಹ ಹೋಗುವಾಗ ನನಗೆ ಕೆಲಸ ಕಲಿಸಿ ಮಿಷನ್ನು ಬಿಟ್ಟು ಹೋದಳು. ಮೂರು ತಿಂಗಳಿಗೊಮ್ಮೆ ಹನ್ನೊಂದು ಜನಕ್ಕೆ ಹನ್ನೊಂದೇ ಸ್ಟ್ರಿಪ್ಪು ಬರುತ್ತವೆ, ಒಂದು ಸಲ ತಪ್ಪಿಸಿದರೂ ಹೆಸರು ತೆಗೆದು ಬೇರೆಯವರನ್ನು ಸೇರಿಸುತ್ತಾರೆ ಎಂದೂ ಹೇಳಿದ್ದಳು.

ಸೆಪ್ಟೆಂಬರಿಗೆ ಕಬ್ಬು ಅರೆಯುವ ಕಾಲ. ದಿಲೀಪನಿಗೆ ಟ್ರಾಕ್ಟರು ಇದೆ, ಕಬ್ಬು ತುಂಬಿಕೊಂಡು ಪಾಂಡವಪುರದ ಕಾರ್ಖಾನೆ ಮುಂದೆ ಸಾಲು ನಿಂತರೆ ಎರಡು ದಿನ, ಮೂರು ದಿನ ಮನೆ ಕಡೆ ತಲೆ ಹಾಕುವುದಿಲ್ಲ. ಫೋನು ಮಾಡಿ ಕರೆದೆ. ನಾಳೆ ಎಂದ. ನಾಡಿದ್ದು ಎಂದ. ಕೊನೆಗೆ ಬೈದ. ಅದು ಬರಿ ಕೆಲಸದ ನೆಪವಲ್ಲ. ಅಮ್ಮನನ್ನೂ ಅಣ್ಣನನ್ನೂ ಹೊತ್ತವನು ಅವನು, ಆ ಮಿಷನ್ನು ಕಂಡರೆ ಅವನಿಗೆ ಭಯ. ಗಂಡಸರ ಭಯ ಸಿಟ್ಟಿನ ವೇಷದಲ್ಲಿ ಬರುತ್ತದೆ, ಇಪ್ಪತ್ತು ವರ್ಷ ಬಾಳ್ವೆ ಮಾಡಿದವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

ಹತ್ತು ಸ್ಟ್ರಿಪ್ಪು ಮುಗಿದಿತ್ತು. ಅವತ್ತೇ ಕಡೆಯ ದಿನ. ಆಸ್ಪತ್ರೆಯಿಂದ ಫೋನಿಗೆ ಸಂದೇಶ ಬರುತ್ತಲೇ ಇತ್ತು, ದಿಲೀಪ್ ಅವರದು ಬಾಕಿ ಇದೆ ಎಂದು. ಡೈರಿಯಲ್ಲಿ ನಾನೊಬ್ಬಳೇ ಇದ್ದೆ. ಮಿಷನ್ನಿನಲ್ಲಿ ಅವನ ಹೆಸರು ತೆರೆದು, ಸ್ಟ್ರಿಪ್ಪು ಸಿಕ್ಕಿಸಿ, ನನ್ನ ಬೆರಳಿಗೆ ಸೂಜಿ ಚುಚ್ಚಿಕೊಂಡೆ.

ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಎಲ್ಲರೂ ಕೇಳಿದರು. ಪಟ್ಟಿಯಿಂದ ಅವನ ಹೆಸರು ಹೋಗಬಾರದಿತ್ತು, ಅಷ್ಟೇ. ಕಾರ್ಖಾನೆ ನಿಂತ ಮೇಲೆ ಹೇಗಾದರೂ ಹಿಡಿದು ತಂದು ಕೂರಿಸುತ್ತೇನೆ, ಅಲ್ಲಿಯವರೆಗೆ ಅವನ ಜಾಗ ಇರಲಿ. ನಿನ್ನೆಯ ಅಂಕಿಯನ್ನು ಇವತ್ತಿಗೆ ಬರೆದು ಬರೆದು ರೂಢಿಯಾದ ಕೈ ನನ್ನದು, ಅದಕ್ಕೆ ಇದು ತಪ್ಪು ಅನ್ನಿಸಲೇ ಇಲ್ಲ. ಒಂಬತ್ತು ಎಂದು ಬಂತು. ಹಸಿರು. ನಾನು ಬೆರಳು ಬಾಯಲ್ಲಿಟ್ಟುಕೊಂಡು ಕ್ಯಾನು ತೊಳೆಯಲು ಹೋದೆ.

ಆ ಚಳಿಗಾಲದಲ್ಲಿ ನನಗೆ ಆಯಾಸ ಜಾಸ್ತಿಯಾಯಿತು. ನಲವತ್ತು ಲೀಟರಿನ ಕ್ಯಾನು ಎತ್ತುವಾಗ ಬಲಹೆಗಲ ಹಿಂದೆ ಹಿಡಿದುಕೊಳ್ಳುತ್ತಿತ್ತು. ರವಿಕೆ ಸಡಿಲವಾಯಿತು, ದರ್ಜಿಯವಳು ಸಣ್ಣಗಾಗಿದ್ದೀಯಾ, ಏನು ಗುಟ್ಟು ಎಂದು ಹಾಸ್ಯ ಮಾಡಿದಳು. ಸಂತೋಷವೇ ಆಯಿತು. ನಾನು ದಿಲೀಪನ ತಟ್ಟೆ ನೋಡುತ್ತಾ ನೋಡುತ್ತಾ ನನ್ನ ತಟ್ಟೆಯ ಮುದ್ದೆಯನ್ನು ನಾಯಿಗೆ ಹಾಕುತ್ತಿದ್ದೆ, ಅದು ಗೊತ್ತಿದ್ದದ್ದು ನಾಯಿಗೆ ಮಾತ್ರ.

ಡಿಸೆಂಬರಿನಲ್ಲೂ ಅದೇ ಕತೆ. ದಿಲೀಪ ಕಾರ್ಖಾನೆಯ ಸಾಲಿನಲ್ಲಿ, ಸ್ಟ್ರಿಪ್ಪು ನನ್ನ ಕೈಯಲ್ಲಿ. ಮತ್ತೆ ನನ್ನ ಬೆರಳು. ಈ ಸಲ ಹತ್ತು ನಿಮಿಷ ಕಳೆದು ದೀಪ ಹಳದಿಯಾಯಿತು. ಮೂವತ್ತೊಂದು.

ನಾನು ಮಿಷನ್ನನ್ನು ಒರೆಸಿದೆ. ಕೈ ಮೂಸಿ ನೋಡಿಕೊಂಡೆ. ಹಾಲಿನ ಜಿಡ್ಡು ಇತ್ತು, ಜಿಡ್ಡಿನ ಕೈಯಲ್ಲಿ ಮುಟ್ಟಿದರೆ ಫ್ಯಾಟ್ ಪರೀಕ್ಷೆಯೂ ತಪ್ಪುತ್ತದಲ್ಲ ಎಂದು ಸಮಾಧಾನ ಹೇಳಿಕೊಂಡೆ. ಇನ್ನೊಂದು ಸಲ ನೋಡೋಣ ಎಂದರೆ ಸ್ಟ್ರಿಪ್ಪು ಇಲ್ಲ. ಅಷ್ಟರಲ್ಲಿ ಸ್ನೇಹಳ ಫೋನು ಬಂತು. ಅವಳ ದನಿ ಗಾಬರಿಯಲ್ಲಿತ್ತು. ಅಕ್ಕ, ದಿಲೀಪಣ್ಣನದು ನಾಲ್ಕರಿಂದ ಒಂಬತ್ತು, ಒಂಬತ್ತರಿಂದ ಮೂವತ್ತೊಂದು ಆಗಿದೆ, ಅಂಕಿಗಿಂತ ಅದು ಏರುವ ರೀತಿ ಮುಖ್ಯ, ನಾಳೆಯೇ ಕರೆದುಕೊಂಡು ಬನ್ನಿ ಎಂದಳು.

ಅವತ್ತು ನಾನು ನಿಜ ಹೇಳಬೇಕಾಗಿತ್ತು. ಹೇಳಲಿಲ್ಲ. ಇನ್ನೂ ನಾಚಿಕೆಯಾಗುವ ಮಾತೊಂದಿದೆ: ಒಳಗೊಳಗೆ ನನಗೆ ಖುಷಿಯಾಯಿತು. ಬೈದರೂ ಬೇಡಿದರೂ ಆಸ್ಪತ್ರೆಯ ಮೆಟ್ಟಿಲು ಹತ್ತದ ಗಂಡ ಈಗ ಹತ್ತಲೇಬೇಕು, ಒಳಗೆ ಏನಿದ್ದರೂ ಗೊತ್ತಾಗುತ್ತದೆ ಎಂದು. ಅವನ ಭಯವೇ ನನ್ನನ್ನು ಎಷ್ಟು ತುಂಬಿಕೊಂಡಿತ್ತೆಂದರೆ, ಹಳದಿ ದೀಪ ಹತ್ತಿದ್ದು ಯಾರ ರಕ್ತಕ್ಕೆ ಎನ್ನುವುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಹಳದಿ ಎಂದ ಕೂಡಲೇ ದಿಲೀಪ ತಣ್ಣಗಾದ. ಅಕ್ಕಿಹೆಬ್ಬಾಳಿನಲ್ಲಿ ರೈಲು ಹತ್ತಿ ಮೈಸೂರು ಮುಟ್ಟುವವರೆಗೆ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಸ್ಕ್ಯಾನಿಂಗ್ ಮಾಡಿದರು, ತೋಳಿನಿಂದ ರಕ್ತ ತೆಗೆದರು. ಸಂಜೆ ಡಾಕ್ಟರು ಕರೆದು, ಲಿವರ್ ಚೆನ್ನಾಗಿದೆ, ಗಂಟಿಲ್ಲ, ರಕ್ತವೂ ಸರಿಯಾಗಿದೆ, ಮಿಷನ್ನೇ ತಪ್ಪು ತೋರಿಸಿರಬೇಕು ಎಂದರು. ಸ್ಟ್ರಿಪ್ಪು ಬಿಸಿಲಿಗೆ ಕೆಟ್ಟಿರಬಹುದು ಎಂದರು. ಪಕ್ಕದಲ್ಲಿ ನಿಂತಿದ್ದ ಸ್ನೇಹಳ ಮುಖ ಸಣ್ಣದಾಯಿತು.

ವಾಪಸು ಬರುವಾಗ ರೈಲಿನಲ್ಲಿ ದಿಲೀಪ ಕಡಲೆಕಾಯಿ ಕೊಂಡು ಎದುರಿಗಿದ್ದವರಿಗೆಲ್ಲ ಹಂಚಿದ. ಭಾವ ಸತ್ತ ಮೇಲೆ ಅವನು ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ನಾನೂ ನಗುತ್ತಿದ್ದೆ. ಕೃಷ್ಣರಾಜನಗರ ದಾಟಿತು. ಕಡಲೆಕಾಯಿ ಸುಲಿಯುತ್ತಿದ್ದ ನನ್ನ ಬೆರಳು, ಸೂಜಿ ಚುಚ್ಚಿದ್ದ ಜಾಗದಲ್ಲಿ ಚುರುಕ್ ಎಂದಿತು. ಆಗ ಹೊಳೆಯಿತು. ಅವನ ಲಿವರ್ ಚೆನ್ನಾಗಿದೆ. ಮಿಷನ್ನು ಅವನ ವಿಷಯ ಏನೂ ಹೇಳಿರಲೇ ಇಲ್ಲ.

ನನ್ನ ತವರಿನ ಸಂತೆಗೆ ಸೂಜಿ ಚುಚ್ಚುವವನೊಬ್ಬ ಬರುತ್ತಿದ್ದ, ನಾನು ಚಿಕ್ಕವಳಿದ್ದಾಗ. ಜ್ವರ, ಕೆಮ್ಮು, ಮೈಕೈ ನೋವು, ಎಲ್ಲದಕ್ಕೂ ಒಂದೇ ಇಂಜೆಕ್ಷನ್ನು. ಒಂದೇ ಸೂಜಿ. ಬಿಸಿನೀರಿನ ಲೋಟದಲ್ಲಿ ಅದ್ದಿ ತೆಗೆದು ಮುಂದಿನವರಿಗೆ ಚುಚ್ಚುತ್ತಿದ್ದ. ಅಪ್ಪ ನನ್ನನ್ನು ಎಷ್ಟು ಸಲ ಆ ಸಾಲಿನಲ್ಲಿ ನಿಲ್ಲಿಸಿದ್ದನೋ. ಆ ವೈರಸ್ಸು ನನಗೆ ಗಂಡನಿಂದ ಬಂತೋ, ಆ ಸೂಜಿಯಿಂದ ಬಂತೋ, ರೈಲು ಅಕ್ಕಿಹೆಬ್ಬಾಳು ಮುಟ್ಟುವವರೆಗೆ ಅದನ್ನೇ ಯೋಚಿಸಿದೆ. ಯಾವುದಾದರೂ ಒಂದೇ ತಾನೆ.

ಆದರೂ ಮೂರು ತಿಂಗಳು ಬಾಯಿ ಬಿಡಲಿಲ್ಲ. ಏನೆಂದು ಹೇಳಲಿ? ಮಾಯಮ್ಮನ ಹಾಲು ಮೋರಿಗೆ ಸುರಿದವಳು, ಗಂಡನ ಹೆಸರಿನ ಪರೀಕ್ಷೆಗೆ ತನ್ನ ರಕ್ತ ಬೆರೆಸಿದಳು ಎಂದು ತಿಳಿದರೆ ಆ ಡೈರಿಯ ಮೆಟ್ಟಿಲು ಯಾರು ತುಳಿಯುತ್ತಾರೆ? ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದರಂತೆ, ನನ್ನ ಬಾಳೇ ಆ ಗಾದೆಯಾಗಿತ್ತು. ಅದು ಒಂದು ಕಾರಣ. ನಿಜವಾದ ಕಾರಣ ಇನ್ನೊಂದು. ನನಗೆ ಹೆದರಿಕೆ. ಗೊತ್ತಾಗುವವರೆಗೆ ಅದು ಇಲ್ಲ ಎಂದೇ ಲೆಕ್ಕ ಎನ್ನುವ ಹೆದರಿಕೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಲ್ಲ, ಹಾಗೆ ನಾನು ಕಣ್ಣು ಮುಚ್ಚಿಕೊಂಡು ಹಾಲು ಅಳೆದೆ. ಒಂದೊಂದು ಬೆಳಿಗ್ಗೆಯೂ ಹೆಗಲ ಹಿಂದಿನ ನೋವು ಒಂದು ಗೇಣು ಕೆಳಗೆ ಇಳಿದ ಹಾಗೆ ಅನ್ನಿಸುತ್ತಿತ್ತು.

ಅತ್ತ ದಿಲೀಪ ಊರೆಲ್ಲ ಸಾರಿಕೊಂಡು ಬಂದಿದ್ದ, ಆ ಮಿಷನ್ನು ಸುಳ್ಳುಬುರುಕ ಮಿಷನ್ನು, ಚೆನ್ನಾಗಿರುವವನಿಗೆ ಹಳದಿ ತೋರಿಸಿ ಒಂದು ದಿನದ ಅನ್ನ ಕಿತ್ತುಕೊಂಡಿತು ಎಂದು. ಹೋಟೆಲಿನ ಮುಂದೆ ಅದೇ ಮಾತು. ಮಾರ್ಚಿಗೆ ಹೊಸ ಸ್ಟ್ರಿಪ್ಪುಗಳು ಬಂದಾಗ ಹನ್ನೊಂದು ಜನರಲ್ಲಿ ಬೆರಳು ಕೊಟ್ಟವನು ಒಬ್ಬನೇ, ಚೌಡಯ್ಯ. ಅದೂ ಮಿಷನ್ನಿನ ಮೇಲಿನ ನಂಬಿಕೆಯಿಂದಲ್ಲ, ಬರುತ್ತೇನೆಂದು ಮಾತು ಕೊಟ್ಟಿದ್ದ, ಅದಕ್ಕೆ.

ಅವನಿಗೆ ಹಳದಿ ಬಂತು. ಮೂವತ್ತನಾಲ್ಕು.

ನಾನು ದೀಪವನ್ನೇ ನೋಡುತ್ತಿದ್ದೆ. ಅವನು ಟವಲಿನಿಂದ ಬೆರಳು ಒರೆಸಿಕೊಂಡು ಎದ್ದ.

“ದಿಲೀಪಂಗೂ ಇದೇ ಬಣ್ಣ ಬಂದಿತ್ತಲ್ಲವ್ವ. ಏನಾಯ್ತು? ಗುಂಡ್‌ಕಲ್ ಇದ್ದಂಗವ್ನೆ.”

ಸ್ಕ್ಯಾನಿಂಗಿಗೆ ಹೋಗಲೇಬೇಕು ಎಂದೆ. ಗಂಡನ ಅನುಭವ ಆಗಿಯೂ ನನಗೆ ಹೀಗೆ ಹೇಳುತ್ತೀಯಲ್ಲ ಎಂದು ನಕ್ಕು, ಬರಿ ಕ್ಯಾನು ಹೆಗಲಿಗೇರಿಸಿ ಹೊರಟೇಬಿಟ್ಟ. ಅವನ ಬೆನ್ನು ನೋಡುತ್ತಾ ನಿಂತೆ. ಒಂದೂ ಹೊತ್ತು ತಪ್ಪಿಸದ ಮನುಷ್ಯ. ಮುಂದಿನ ದೀಪಾವಳಿಗೆ ಈ ಬಾಗಿಲಲ್ಲಿ ಅವನು ಇರುವುದಿಲ್ಲ ಎಂದು ಆ ಕ್ಷಣ ನನಗೆ ಖಂಡಿತವಾಗಿ ಅನ್ನಿಸಿತು. ಸುಳ್ಳು ಹೇಳಿದ್ದು ಮಿಷನ್ನಲ್ಲ. ನಾನು. ಆ ಸುಳ್ಳಿಗೆ ಈಗ ಅವನು ಸಾಯುತ್ತಾನೆ.

ಮರುದಿನ ಬೆಳಿಗ್ಗೆ ಡೈರಿಯಲ್ಲಿ ಎಂದಿನಂತೆ ಸಾಲು ಇತ್ತು. ಮಾಯಮ್ಮ ಮೊದಲನೆಯವಳು, ಚೌಡಯ್ಯ ನಾಲ್ಕನೆಯವನು. ದಿಲೀಪ ನಮ್ಮ ಹಾಲು ಬೈಕಿಗೆ ಕಟ್ಟಿಕೊಂಡು ಬಂದು ಕಟ್ಟೆಯ ಮೇಲೆ ಕೂತಿದ್ದ, ಕೊನೆಗೆ ಸುರಿಯಲು. ನಾನು ಅಳತೆಯ ಪಾತ್ರೆ ಪಕ್ಕಕ್ಕಿಟ್ಟು ಮಿಷನ್ನು ಮೇಜಿನ ಮೇಲೆ ತಂದಿಟ್ಟೆ. ದಿಲೀಪನ ಪಾಲಿನ ಸ್ಟ್ರಿಪ್ಪು ಹಾಗೇ ಉಳಿದಿತ್ತು. ಕೈಯನ್ನು ಸೋಪಿನಲ್ಲಿ ಎರಡು ಸಲ ತೊಳೆದು ಬಂದೆ, ಜಿಡ್ಡಿನ ನೆಪ ಇರಬಾರದೆಂದು.

“ವಸಿ ನಿಂತ್ಕಳಿ ಎಲ್ರೂವೆ” ಎಂದೆ. “ಡಿಸೆಂಬರಲ್ಲಿ ಅಳದಿ ಬಂದಿತ್ತಲ್ಲ, ಅದು ಇವ್ರ ರಕ್ತ ಅಲ್ಲ. ನಂದು. ಅದ್ಕೂ ಮುಂಚಿನ ಸಲದ್ದೂ ನಂದೆಯ. ಮಿಷನ್ನು ಸುಳ್ ಯೋಳ್ಲಿಲ್ಲ, ನಾನ್ ಯೋಳ್ದೆ.”

ನಾನು ಸೂಜಿ ಚುಚ್ಚಿಕೊಂಡೆ. ಹನಿ ಬಿಟ್ಟೆ. ಹತ್ತು ನಿಮಿಷ. ಕಬ್ಬಿಣದ ಬಾಗಿಲಿನ ಹತ್ತಿರ ಹಾಲಿನ ಕ್ಯಾನುಗಳ ಮೇಲೆ ನೊಣ ಕೂರುತ್ತಿದ್ದವು, ಓಡಿಸುವವರಿರಲಿಲ್ಲ. ದಿಲೀಪ ಕಟ್ಟೆಯಿಂದ ಇಳಿದು ಬಂದು ಮೇಜಿನ ಎದುರಿಗೆ ನಿಂತ. ಮಿಷನ್ನು ನೋಡಲಿಲ್ಲ, ನನ್ನನ್ನು ನೋಡಿದ. ಕೊರಳ ಮೂಳೆ, ತೋಳು, ಸಡಿಲ ರವಿಕೆ, ಕಣ್ಣು. ಇಷ್ಟು ವರ್ಷ ನಾನು ಅವನನ್ನು ನೋಡಿದ ಹಾಗೆ ಅವನು ನನ್ನನ್ನು ನೋಡಿದ್ದು ಅವತ್ತೇ ಮೊದಲು.

ದೀಪ ಕೆಂಪಾಯಿತು. ನೂರ ಹದಿನೆಂಟು.

ಮೊದಲು ಮಾತಾಡಿದವಳು ಮಾಯಮ್ಮ. ದನಿ ಏರಿಸಲಿಲ್ಲ.

“ನಾನ್ ಬೆರ್ಸಿದ್ದು ಬರೀ ನೀರ್ ಕಣಮ್ಮಿ” ಎಂದಳು.

ನಾನು ತಲೆ ತಗ್ಗಿಸಿದೆ. ಆಮೇಲೆ ಅವಳೇ ಅಳತೆಯ ಪಾತ್ರೆ ಎತ್ತಿಕೊಂಡು, ನೀನು ಹೊರಡು, ಇವತ್ತಿನ ಹಾಲು ನಾನು ನೋಡಿಕೊಳ್ಳುತ್ತೇನೆ ಎಂದಳು. ಅದು ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು. ಚೌಡಯ್ಯ ತನ್ನ ಕ್ಯಾನು ಅಲ್ಲೇ ಬಿಟ್ಟು, ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

“ನಡಿಯವ್ವ, ನಾನೂ ಬತ್ತೀನಿ” ಎಂದ.

ಹತ್ತೂವರೆಯ ರೈಲು. ಮೂವರೂ ಒಂದೇ ಸೀಟಿನಲ್ಲಿ ಕೂತೆವು. ಸಾಗರಕಟ್ಟೆಯ ಸೇತುವೆ ಬಂತು. ಕೆಳಗೆ ನೀರು ಕಂಡ ಮೇಲೆ ದಿಲೀಪ ಕೇಳಿದ.

“ನನ್ನೆಸ್ರಿಗೆ ನಿನ್ ರಕ್ತ ಯಾಕಮ್ಮಿ ಕೊಟ್ಟೆ?”

“ನೀವು ಸಾಯ್ಬಾರ್ದು ಅಂತ” ಎಂದೆ.

ಅವನು ನನ್ನ ಸೂಜಿ ಚುಚ್ಚಿದ ಬೆರಳನ್ನು ಹಿಡಿದುಕೊಂಡು ಮೈಸೂರಿನವರೆಗೂ ಬಿಡಲಿಲ್ಲ. ನಾಲ್ಕು ಜನರೆದುರು ಹೆಂಡತಿಯ ಕೈ ಮುಟ್ಟದ ಮನುಷ್ಯ.

ಚೌಡಯ್ಯನದು ಮೊದಲು ಮಾಡಿದರು. ಲಿವರಿನ ಅಂಚಿನಲ್ಲಿ ಒಂದೇ ಗಂಟು, ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು. ಸರಿಯಾದ ಹೊತ್ತಿಗೆ ಬಂದಿರಿ, ಇದನ್ನು ಸುಟ್ಟು ತೆಗೆಯಬಹುದು ಎಂದು ಡಾಕ್ಟರು ಅವನ ಬೆನ್ನು ತಟ್ಟಿದರು. ಆಮೇಲೆ ನನ್ನನ್ನು ಮಲಗಿಸಿದರು. ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಹಚ್ಚಿ, ಸ್ಕ್ಯಾನಿಂಗ್ ಮಾಡುವ ಹುಡುಗಿ ಬಲಪಕ್ಕೆಯ ಮೇಲೆ ಒತ್ತಿ ಒತ್ತಿ ನೋಡಿದಳು. ಚೌಡಯ್ಯನ ಸರದಿಯಲ್ಲಿ ಅವಳು ಊರು ಯಾವುದು, ಮಳೆ ಹೇಗೆ ಎಂದು ಮಾತಾಡಿಸುತ್ತಿದ್ದಳು. ನನ್ನ ಸರದಿಯಲ್ಲಿ ಮಾತು ನಿಂತಿತು.

ಡಾಕ್ಟರು ನನ್ನ ಹಳೆಯ ಅಂಕಿ ಕೇಳಿದರು. ಸ್ನೇಹ ಕಂಪ್ಯೂಟರಿನಲ್ಲಿ ಹುಡುಕಿ, ರಂಜಿತ ಎನ್ನುವ ಹೆಸರಲ್ಲಿ ಏನೂ ಇಲ್ಲ ಸಾರ್ ಎಂದಳು. ದಿಲೀಪ್ ಹೆಸರಿನಲ್ಲಿ ನೋಡಿ ಎಂದೆ. ಅವರು ಅದನ್ನು ತೆಗೆದು ಒಂದರ ಕೆಳಗೊಂದು ಬರೆದುಕೊಂಡರು. ಒಂಬತ್ತು. ಮೂವತ್ತೊಂದು. ನೂರ ಹದಿನೆಂಟು. ಬರೆದು ಪೆನ್ನನ್ನು ಮೂವತ್ತೊಂದರ ಮೇಲೆ ಇಟ್ಟರು.

“ಅವತ್ತು ನೀವು ಬಂದಿದ್ದರೆ ಇದೂ ಅವರದರಷ್ಟೇ ಇರುತ್ತಿತ್ತು” ಎಂದರು, ಬಾಗಿಲ ಹೊರಗೆ ಕೂತಿದ್ದ ಚೌಡಯ್ಯನನ್ನು ತೋರಿಸಿ. ಈಗ ಅದು ನಿಂಬೆಹಣ್ಣಿಗಿಂತ ದೊಡ್ಡದಾಗಿದೆ, ರಕ್ತನಾಳದ ಪಕ್ಕ ಕೂತಿದೆ, ಔಷಧಿ ಇದೆ, ಪ್ರಯತ್ನ ಮಾಡೋಣ ಎಂದರು. ಪ್ರಯತ್ನ ಎನ್ನುವ ಮಾತನ್ನು ಅತ್ತೆಗೂ ಹೇಳಿದ್ದರು, ಭಾವನಿಗೂ ಹೇಳಿದ್ದರು. ಅದರ ಅರ್ಥ ನಮ್ಮ ಮನೆಗೆ ಗೊತ್ತು.

ನಾನು ಅಳಲಿಲ್ಲ. ಡೈರಿ ಯಾರು ನೋಡಿಕೊಳ್ಳುತ್ತಾರೆ ಎಂದು ಯೋಚಿಸುತ್ತಿದ್ದೆ, ಅಂಥ ಹೊತ್ತಿನಲ್ಲಿ ತಲೆ ಎಲ್ಲೆಲ್ಲಿಗೋ ಹೋಗುತ್ತದೆ. ಡಾಕ್ಟರು ರಕ್ತದ ಚೀಟಿ ತಿರುವಿ, ವೈರಸ್ಸು ನಿಮಗೂ ಇದೆ, ಬಹಳ ವರ್ಷದಿಂದ ಇರಬೇಕು ಎಂದರು. ಆಮೇಲೆ ತಲೆಯೆತ್ತಿ ಮಕ್ಕಳೆಷ್ಟು ಎಂದು ಕೇಳಿದರು. ಒಬ್ಬಳೇ ಮಗಳು, ಹತ್ತೊಂಬತ್ತು ವರ್ಷ ಎಂದ ದಿಲೀಪ.

“ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ. ಅವಳ ಪರೀಕ್ಷೆ ಆಗಿದೆಯಲ್ಲ?”

ಸ್ನೇಹ ನನ್ನ ಕಡೆ ನೋಡಿದಳು. ಜೂನ್ ತಿಂಗಳ ಆ ಸಂಜೆ ಅವಳಿಗೂ ನೆನಪಿತ್ತು. ಚೀಟಿ ಹರಿದುಕೊಡುತ್ತಿದ್ದ ಹುಡುಗಿ, ನಗುತ್ತಾ ನಾನು ಆಡಿದ ಮಾತು. ಹತ್ತು ಮನೆಯ ಮಕ್ಕಳನ್ನು ಬಸ್ಸು ಹತ್ತಿಸಿದವಳು ನಾನು.

ಆಗ ಅಳು ಬಂತು.

ಮಾರನೆಯ ದಿನ ಹಾಸ್ಟೆಲಿನಿಂದ ಮಾನಸನನ್ನು ಕರೆಸಿದೆವು. ಸ್ನೇಹ ಬೆಳಗಿನ ಹಾಲಿನ ಹೊತ್ತಿಗೇ ಡೈರಿಗೆ ಬಂದಿದ್ದಳು. ಮಾಯಮ್ಮ ಪುಸ್ತಕ ಬಿಚ್ಚಿ ಕೂತಿದ್ದಳು, ನಮ್ಮ ಮನೆಯ ಹಾಲನ್ನು ಎಲ್ಲರಿಗಿಂತ ಮೊದಲು ತರಿಸಿ, ಅಳೆದು, ಫ್ಯಾಟ್ ನೋಡಿ ಬರೆದಳು. ನಾನು ಬೆಂಚಿನ ಮೇಲೆ ಮಗಳ ಪಕ್ಕ ಕೂತು ಅವಳ ಬೆರಳು ಹಿಡಿದುಕೊಂಡೆ. ಅವಳು ನನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು. ಸ್ನೇಹ ಹನಿ ರಕ್ತವನ್ನು ಕಾರ್ಡಿನ ಮೇಲೆ ಬಿಟ್ಟಳು, ಹದಿನೈದು ನಿಮಿಷ ಕಾಯಬೇಕು ಎಂದಳು. ಒಂದು ಗೆರೆ ಬಂದರೆ ಇಲ್ಲ, ಎರಡು ಬಂದರೆ ಇದೆ. ಮೊದಲನೆಯ ಗೆರೆ ಆಗಲೇ ಮೂಡುತ್ತಿತ್ತು.